‘ಮಂಜೂರ್, ಮಂಜೂರ್’ ಅನ್ನೋಕಿಂತ ಮೊದಲು: ಸೊಸೈಟಿ ಸಭೆ ಹೇಗೆ ತಯಾರಾಗ್ತದ, ಹೇಗೆ ನಡೀತದ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸಣ್ಣದಾಗಿ ತಿದ್ದಲಾಗಿದೆ.)

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯಿಂದ ಕೇಳ್ತಿರೋರಿಗೆ, ಇಲ್ಲಿಂದ ಪುಣೆ, ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬಸ್ಸಿನಾಗ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ ಸ್ವಾಗತ.

ಆಗಸ್ಟ್, ಸೆಪ್ಟೆಂಬರ್ ಬಂತಂದ್ರ ನಮ್ಮ ಐದೂ ತಾಲೂಕಿನ ಊರ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಫೋಟೋ ಬರ್ತದ. ಮೇಲೆ ಸಂಘದ ಹೆಸರು, ಕೆಳಗೆ ‘ವಾರ್ಷಿಕ ಸರ್ವಸಾಧಾರಣ ಸಭೆಯ ತಿಳಿವಳಿಕೆ ಪತ್ರ’, ಅದರ ಕೆಳಗೆ ಹತ್ತು ಹನ್ನೆರಡು ವಿಷಯ, ಕೊನೆಗೆ ಚೇರಮನ್ರ ಮತ್ತು ಸೆಕ್ರೆಟರಿಯ ಸಹಿ. ನಮ್ಮ ವಯಸ್ಸಿನವರು ಅದನ್ನ ಜೂಮ್ ಮಾಡಿ ನೋಡೋದೂ ಇಲ್ಲ. ಅದು ಅಜ್ಜನ ಕೆಲಸ, ಅಪ್ಪನ ಕೆಲಸ ಅಂತ ಮುಂದಕ್ಕೆ ಹೋಗ್ತೀವಿ.

ಆದ್ರ ಆ ಪತ್ರದಾಗ ಇರೋದು ನಮ್ಮನೀ ರೊಕ್ಕದ ವಿಚಾರ. ಅಪ್ಪನ ಬೆಳೆ ಸಾಲ, ಅವ್ವ ಇಟ್ಟ ಠೇವಣಿ, ಕಬ್ಬಿನ ಬಿಲ್ಲು, ಎಲ್ಲದರ ಲೆಕ್ಕ ಅಲ್ಲಿ ಪಾಸಾಗ್ತದ. ಅದಕ್ಕ ಇವತ್ತಿನ ಸಂಚಿಕೆ ಸೊಸೈಟಿಯ ಸಭೆ ಬಗ್ಗೆ. ಅದನ್ನ ಯಾರು ತಯಾರು ಮಾಡ್ತಾರ, ಹೇಗೆ ನಡೆಸ್ತಾರ, ಅದರಾಗ ನೀವು ಎಲ್ಲಿ ಬಾಯಿ ಹಾಕಬಹುದು, ಇಷ್ಟು ಹೇಳ್ತೀನಿ. ಸುದ್ದಿ ಮಾಡೋ ಕೆಲಸದಾಗ ಇಂಥ ಸಭೆಗಳ ಹಿಂದಿನ ಸಾಲಿನ ಕುರ್ಚಿಯಲ್ಲಿ ಬಹಳ ಸಲ ಕೂತು ನೋಡೀನಿ.

ಮಾಲೀಕರು ಯಾರು?

ಮೊದಲು ಒಂದು ಮೂಲ ಮಾತು. ಕಾಗವಾಡ ತಾಲೂಕಿನ ಉಗಾರ ಖುರ್ದದಾಗ 1939ರಲ್ಲಿ ಶುರುವಾದ ಉಗಾರ ಶುಗರ್ ವರ್ಕ್ಸ್ ಐತಿ. ಅದು ಕಂಪನಿ. ಅಲ್ಲಿ ಯಾರ ಹತ್ತಿರ ಹೆಚ್ಚು ಶೇರು ಇರ್ತಾವೋ ಅವರ ಮತದ ತೂಕ ಹೆಚ್ಚು. ಅಲ್ಲಿಗೆ ಕಬ್ಬು ಹಾಕೋ ರೈತ ಶೇರುದಾರನಲ್ಲದಿದ್ರೆ ಕಂಪನಿಯ ವಾರ್ಷಿಕ ಸಭೆಯಲ್ಲಿ ಅವನಿಗೆ ಜಾಗ ಇಲ್ಲ.

ಇನ್ನೊಂದು ಕಡೆ ಚಿಕ್ಕೋಡಿಯ ಚಿದಾನಂದ ಬಸಪ್ರಭು ಕೋರೆ ಸಹಕಾರಿ ಸಕ್ಕರೆ ಕಾರ್ಖಾನೆ, ನಮ್ಮ ಹಿರಿಯರ ಬಾಯಲ್ಲಿ ಇವತ್ತಿಗೂ ‘ದೂಧಗಂಗಾ’. ನಿಪ್ಪಾಣಿ ಕಡೆ ಹಾಲಸಿದ್ಧನಾಥ, ಅಥಣಿ ಕಡೆ ಕೃಷ್ಣಾ. ಇವು ಸಹಕಾರಿ. ಇಲ್ಲಿ ಒಬ್ಬ ಸಭಾಸದನಿಗೆ ಒಂದೇ ಮತ. ಹತ್ತು ಶೇರು ಇದ್ದವನಿಗೂ ಒಂದು, ಒಂದು ಶೇರು ಇದ್ದವನಿಗೂ ಒಂದು. ಊರಿನ ಪಿಕೆಪಿಎಸ್, ಅಂದ್ರ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ, ಹಾಲಿನ ಡೇರಿ, ಪತ್ತಿನ ಸೊಸೈಟಿ, ಎಲ್ಲಕ್ಕೂ ಇದೇ ನಿಯಮ.

ಈ ನಿಯಮಕ್ಕ ಹಳೇ ಬೇರು ಐತಿ. 1844ರಲ್ಲಿ ಇಂಗ್ಲೆಂಡಿನ ರೋಚ್‌ಡೇಲ್ ಅನ್ನೋ ಊರಾಗ ನೇಕಾರರು ಮತ್ತು ಕೆಲಸಗಾರರು ಸೇರಿ ಒಂದು ಕಿರಾಣಿ ಅಂಗಡಿ ತೆಗೆದ್ರು. ಅವರು ಹಾಕ್ಕೊಂಡ ನಿಯಮಗಳೇ ಮುಂದೆ ಜಗತ್ತಿನ ಸಹಕಾರಿ ಸಂಘಗಳಿಗೆ ಮಾದರಿ ಆದ್ವು. ನಮ್ಮ ಕಡೆ 1904ರಲ್ಲಿ ಬ್ರಿಟಿಷರು ಸಹಕಾರ ಕಾಯ್ದೆ ತಂದ ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಾಗ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದ್ರು. ಸಾವಕಾರರ ಬಡ್ಡಿಯಿಂದ ರೈತನನ್ನ ಬಿಡಿಸೋದು ಅದರ ಉದ್ದೇಶ.

ಹಂಗಾಗಿ ಸಂಘದ ಮಾಲೀಕರು ಸಭಾಸದರು. ಅವರೆಲ್ಲ ದಿನಾ ಕೂತು ವ್ಯವಹಾರ ನೋಡೋಕಾಗಲ್ಲ ಅಂತ ಐದು ವರ್ಷಕ್ಕೊಮ್ಮೆ ಆಡಳಿತ ಮಂಡಳಿ ಆರಿಸ್ತಾರ. ಮಂಡಳಿಯವರು ತಮ್ಮೊಳಗ ಅಧ್ಯಕ್ಷ, ಉಪಾಧ್ಯಕ್ಷರನ್ನ ಆರಿಸ್ತಾರ. ಸೆಕ್ರೆಟರಿ ಪಗಾರದ ನೌಕರ. ಈ ಮೂರು ಪಾತ್ರ ತಲೆಯಲ್ಲಿ ಇಟ್ಕೊಳ್ರಿ: ಮಾಲೀಕರು ಸಭಾಸದರು, ನಿರ್ಧಾರ ಮಾಡೋದು ಮಂಡಳಿ, ಕೆಲಸ ಮಾಡೋದು ಸೆಕ್ರೆಟರಿ. ಸಭೆಗಳಲ್ಲಿ ಗದ್ದಲ ಆಗೋದು ಹೆಚ್ಚಾಗಿ ಈ ಮೂರರ ಗಡಿ ಕಲಸಿಹೋದಾಗ.

ಮಂಡಳಿ ಸಭೆ: ತಯಾರಿ ಶುರುವಾಗೋದು ಸೆಕ್ರೆಟರಿ ಟೇಬಲ್ ಮೇಲೆ

ಸಭೆಯಲ್ಲಿ ಎರಡು ತರಹ. ಒಂದು ಮಂಡಳಿ ಸಭೆ. ಇದು ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಸಂಘದ ಕಚೇರಿಯಲ್ಲೇ, ನಿರ್ದೇಶಕರಷ್ಟೇ ಕೂರೋದು. ಇನ್ನೊಂದು ಎಲ್ಲಾ ಸಭಾಸದರು ಸೇರೋ ವಾರ್ಷಿಕ ಸಭೆ. ಪೆಂಡಾಲು, ಮೈಕು, ಊಟ ಇರೋದು ಎರಡನೇದಕ್ಕ. ಆದ್ರ ನಿಮ್ಮ ಮನೆಗೆ ನೇರವಾಗಿ ತಟ್ಟೋ ನಿರ್ಧಾರ ಆಗೋದು ಮೊದಲನೇದರಾಗ.

ಮಂಡಳಿ ಸಭೆಗೆ ಒಂದು ವಾರ ಮೊದಲು ಸೆಕ್ರೆಟರಿ ಮೂರು ಕೆಲಸ ಮಾಡಬೇಕು. ಒಂದು, ಬಂದ ಅರ್ಜಿಗಳನ್ನ ಜೋಡಿಸಿಕೊಳ್ಳೋದು: ಹೊಸ ಸಭಾಸದತ್ವ, ಬೆಳೆ ಸಾಲ, ಶೇರು ವರ್ಗಾವಣೆ, ನೌಕರರ ರಜೆ, ಗೋದಾಮಿನ ದುರಸ್ತಿ. ಎರಡು, ತಿಂಗಳ ಜಮಾ-ಖರ್ಚು ತಯಾರು ಮಾಡೋದು. ಮೂರು, ಅಧ್ಯಕ್ಷರ ಜೊತೆ ಕೂತು ವಿಷಯಪತ್ರಿಕೆ, ಅಂದ್ರ ಅಜೆಂಡಾ, ಬರೆದು ಎಲ್ಲಾ ನಿರ್ದೇಶಕರಿಗೂ ನೋಟಿಸ್ ಮುಟ್ಟಿಸಿ ಸಹಿ ತಗೊಳ್ಳೋದು. ಎಷ್ಟು ದಿನ ಮೊದಲು ನೋಟಿಸ್ ಕೊಡಬೇಕು ಅನ್ನೋದು ಆಯಾ ಸಂಘದ ಬೈಲಾದಲ್ಲಿ, ಅಂದ್ರ ಉಪವಿಧಿಯಲ್ಲಿ, ಬರೆದಿರ್ತದ.

ಈ ನೋಟಿಸ್ ಯಾಕೆ ಅಷ್ಟು ಮುಖ್ಯ? ವಿಷಯ ಮೊದಲೇ ಗೊತ್ತಿದ್ರೆ ನಿರ್ದೇಶಕ ಕೇಳಿ, ಓದಿ, ಯೋಚನೆ ಮಾಡಿ ಬರ್ತಾನ. ಗೊತ್ತಿಲ್ಲದಿದ್ರೆ ಚಹಾ ಕುಡಿದು ಸಹಿ ಹಾಕಿ ಹೋಗ್ತಾನ. ಅಜೆಂಡಾದ ಕೊನೆ ಸಾಲು ಎಲ್ಲಾ ಕಡೆ ಒಂದೇ ಇರ್ತದ: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು’. ಇದು ಸಣ್ಣಪುಟ್ಟ ತುರ್ತು ವಿಚಾರಕ್ಕೆ ಇಟ್ಟ ಬಾಗಿಲು. ಜಾಗ ಮಾರೋದು, ದೊಡ್ಡ ಖರೀದಿ, ನೇಮಕಾತಿ ಇಂಥವು ಈ ಬಾಗಿಲಿನಿಂದ ಒಳಗೆ ಬಂದ್ರೆ ಅಲ್ಲೇ ಕೇಳಬೇಕು: ಇದು ನೋಟಿಸಿನಾಗ ಯಾಕ ಇರಲಿಲ್ಲ?

ಸಭೆ ಶುರುವಾಗೋದು ಹಾಜರಿ ಸಹಿಯಿಂದ. ಕೋರಂ, ಅಂದ್ರ ಇಂತಿಷ್ಟು ಮಂದಿ ಇರಲೇಬೇಕು ಅನ್ನೋ ಸಂಖ್ಯೆ, ತುಂಬಿದ ಮೇಲೆ ಹಿಂದಿನ ಸಭೆಯ ನಡಾವಳಿ ಓದಿ ಕಾಯಂ ಮಾಡ್ತಾರ. ನಂತರ ಒಂದೊಂದೇ ವಿಷಯ. ಪ್ರತಿ ವಿಷಯಕ್ಕೂ ಒಂದು ಠರಾವು. ಠರಾವಿಗೆ ಒಬ್ಬ ಸೂಚಕ, ಒಬ್ಬ ಅನುಮೋದಕ. ಒಬ್ಬನ ತಲೆಯಲ್ಲಿ ಹುಟ್ಟಿದ ವಿಚಾರಕ್ಕ ಇನ್ನೊಬ್ಬನಾದರೂ ಕೈ ಜೋಡಿಸಿದ್ರೆ ಮಾತ್ರ ಎಲ್ಲರ ಸಮಯ ತಗೋಬೇಕು ಅನ್ನೋದು ಇದರ ಹಿಂದಿನ ತರ್ಕ. ಅಮೆರಿಕದ ಸೈನ್ಯದ ಎಂಜಿನಿಯರ್ ಹೆನ್ರಿ ರಾಬರ್ಟ್ 1876ರಲ್ಲಿ ಸಭೆ ನಡೆಸೋ ನಿಯಮಗಳ ಪುಸ್ತಕ ಬರೆದ. ಅಲ್ಲಿನ ಮನೆ ಮಾಲೀಕರ ಸಂಘಗಳು ಇವತ್ತೂ ಅದನ್ನ ಹಿಡ್ಕೊಂಡೇ ಸಭೆ ನಡೆಸ್ತಾವ. ಅದರಲ್ಲೂ ಇದೇ ಸೂಚಕ, ಅನುಮೋದಕ, ಚರ್ಚೆ, ಮತ. ಊರು ಯಾವುದಾದ್ರೂ ಸಭೆಯ ಎಲುಬು ಒಂದೇ.

ಮಂಡಳಿಯಲ್ಲಿ ಒಬ್ಬ ನಿರ್ದೇಶಕನಿಗೆ ಠರಾವು ಒಪ್ಪಿಗೆ ಇಲ್ಲದಿದ್ರೆ ಸಿಟ್ಟಾಗಿ ಎದ್ದು ಹೋಗೋದ್ರಿಂದ ಏನೂ ಆಗಲ್ಲ. ‘ನನ್ನ ವಿರೋಧ ಐತಿ, ಕಾರಣ ಇದು, ನಡಾವಳಿಯಲ್ಲಿ ಬರೀರಿ’ ಅಂತ ಹೇಳಿ ಬರೆಸಬೇಕು. ಯಾಕಂದ್ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ ಕಲಂ 69ರಲ್ಲಿ ಅಧಿಭಾರದ ಅವಕಾಶ ಐತಿ. ಸಂಘಕ್ಕೆ ಹಾನಿ ಮಾಡಿದ್ದು ವಿಚಾರಣೆಯಲ್ಲಿ ಸಾಬೀತಾದ್ರೆ ಹೊಣೆ ಇದ್ದವರು ಕೈಯಿಂದ ತುಂಬಿಕೊಡಬೇಕಾಗ್ತದ. ಅವತ್ತು ಯಾರು ಏನಂದ್ರು ಅನ್ನೋದಕ್ಕೆ ಸಾಕ್ಷಿ ಆ ನಡಾವಳಿ ಪುಸ್ತಕ. ಅದೇ ರೀತಿ ನಿರ್ದೇಶಕನ ಸ್ವಂತ ಸಾಲ ಅಥವಾ ಅವನ ಬೀಗರ ಅರ್ಜಿ ಬಂದಾಗ ಅವನು ಅಷ್ಟೊತ್ತು ಹೊರಗೆ ಕೂರೋದು ಸರಿಯಾದ ಪದ್ಧತಿ.

ಒಂದು ಠರಾವಿಗೆ ಯಾಕ ಅಷ್ಟು ರೇಟು?

2025ರಲ್ಲಿ ಬೆಳಗಾವಿ ಡಿಸಿಸಿ ಬ್ಯಾಂಕ್ ಚುನಾವಣೆ ಹೊತ್ತಿಗೆ ನಮ್ಮ ಕಡೆ ಎಲ್ಲರ ಬಾಯಲ್ಲೂ ‘ಠರಾವು, ಠರಾವು’ ಅನ್ನೋದೇ ಇತ್ತು. ಕಾರಣ ಸರಳ. ಜಿಲ್ಲಾ ಬ್ಯಾಂಕಿಗೆ ತಾಲೂಕಿನ ಪಿಕೆಪಿಎಸ್‌ಗಳೇ ಸದಸ್ಯರು. ಸಂಘ ಹೋಗಿ ಮತ ಹಾಕೋಕಾಗಲ್ಲ, ಮನುಷ್ಯನೇ ಹಾಕಬೇಕು. ಯಾರು ಹಾಕಬೇಕು ಅಂತ ಪಿಕೆಪಿಎಸ್ ಮಂಡಳಿ ಠರಾವು ಮಾಡಿ ಒಬ್ಬ ಪ್ರತಿನಿಧಿಯನ್ನ ಕಳಿಸ್ತದ. ಅಂದ್ರ ಹನ್ನೆರಡು ಹದಿಮೂರು ಮಂದಿ ಕೂತ ಒಂದು ಕೋಣೆಯಲ್ಲಿ ಬರೆದ ಒಂದು ಪುಟ, ಇಡೀ ಜಿಲ್ಲೆಯ ರೈತರ ಸಾಲ ಹಂಚೋ ಬ್ಯಾಂಕಿನ ಆಡಳಿತ ಯಾರ ಕೈಗೆ ಅನ್ನೋದನ್ನ ತೀರ್ಮಾನ ಮಾಡ್ತದ. ಊರಿನ ಪಿಕೆಪಿಎಸ್ ಚುನಾವಣೆಗೆ ದೊಡ್ಡ ದೊಡ್ಡ ಲೀಡರ್‌ಗಳು ಯಾಕ ತಲೆ ಕೆಡಿಸ್ಕೋತಾರ ಅನ್ನೋ ಪ್ರಶ್ನೆಗೆ ಉತ್ತರ ಇಲ್ಲೇ ಐತಿ.

ವಾರ್ಷಿಕ ಸಭೆ: ಮಾರ್ಚ್‌ನಿಂದ ಸೆಪ್ಟೆಂಬರ್‌ತನಕ

ಈಗ ದೊಡ್ಡ ಸಭೆಗೆ ಬರೋಣ. ಸಂಘದ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗೀತದ. ಅಲ್ಲಿಂದ ಸೆಕ್ರೆಟರಿ ವರ್ಷದ ಲೆಕ್ಕ ಕಟ್ಟಬೇಕು, ಲೆಕ್ಕ ಪರಿಶೋಧಕರು ಬಂದು ಆಡಿಟ್ ಮಾಡಬೇಕು, ಸಂಘಕ್ಕೆ ಎ, ಬಿ, ಸಿ, ಡಿ ಅಂತ ವರ್ಗ ಕೊಡಬೇಕು, ಮಂಡಳಿ ಅದನ್ನ ಒಪ್ಪಿ ವರದಿ ಅಚ್ಚು ಹಾಕಿಸಬೇಕು, ನೋಟಿಸ್ ಹಂಚಬೇಕು. ಇಷ್ಟೆಲ್ಲಾ ಆಗಿ ಸಭೆ ಸೆಪ್ಟೆಂಬರ್ ದಾಟುವಂತಿಲ್ಲ. ಅದಕ್ಕೇ ಎಲ್ಲಾ ಸೊಸೈಟಿಗಳ ಸಭೆ ಒಂದೇ ತಿಂಗಳಲ್ಲಿ ಒತ್ತಿಕೊಂಡು ಬರ್ತಾವ. ಒಂದೊಂದು ದಿನ ಒಬ್ಬನಿಗೆ ಡೇರಿ, ಪಿಕೆಪಿಎಸ್, ಕಾರ್ಖಾನೆ ಅಂತ ಮೂರು ಸಭೆ ಇರ್ತಾವ.

ನೋಟಿಸಿನ ಕೆಳಗೆ ಸಣ್ಣ ಅಕ್ಷರದಾಗ ಒಂದು ಸೂಚನೆ ಇರ್ತದ, ಗಮನಿಸಿರಬಹುದು. ‘ಕೋರಂ ಆಗದಿದ್ದಲ್ಲಿ ಸಭೆಯನ್ನು ಮುಂದೂಡಿ ಅದೇ ದಿನ, ಅದೇ ಸ್ಥಳದಲ್ಲಿ ನಡೆಸಲಾಗುವುದು, ಅದಕ್ಕೆ ಕೋರಂ ಅವಶ್ಯಕತೆ ಇರುವುದಿಲ್ಲ’ ಅನ್ನೋ ಅರ್ಥದ ಮಾತು. ಅಂದ್ರ ನೀವು ಬರಲಿಲ್ಲ ಅಂತ ಸಭೆ ನಿಲ್ಲಲ್ಲ. ಅರ್ಧ ತಾಸೋ ಒಂದು ತಾಸೋ ಬಿಟ್ಟು, ಇದ್ದವರು ಇದ್ದಷ್ಟರಲ್ಲೇ ಎಲ್ಲಾ ಪಾಸ್ ಮಾಡ್ತಾರ.

ಆ ಪುಸ್ತಕದಾಗ ಯಾವ ಪುಟ ಓದಬೇಕು?

ವರದಿ ಪುಸ್ತಕ ಕೈಗೆ ಸಿಕ್ರೆ ಫೋಟೋ, ಶುಭಾಶಯ, ಚೇರಮನ್ರ ಭಾಷಣ ಬಿಟ್ಟು ನಾಲ್ಕು ಪುಟ ಹುಡುಕ್ರಿ.

ಮೊದಲನೇದು ಅಢಾವೆ ಪತ್ರಿಕೆ. ಎಡಕ್ಕೆ ಸಂಘ ಕೊಡಬೇಕಾದ್ದು, ಬಲಕ್ಕೆ ಸಂಘಕ್ಕೆ ಬರಬೇಕಾದ್ದು ಮತ್ತು ಇರೋ ಆಸ್ತಿ. ಕೊಡಬೇಕಾದ್ದರಲ್ಲಿ ಜನರ ಠೇವಣಿ ಎಷ್ಟು, ಬರಬೇಕಾದ್ದರಲ್ಲಿ ಸಾಲ ಎಷ್ಟು ಅಂತ ಹೋದ ವರ್ಷದ ಅಂಕಿ ಪಕ್ಕ ಇಟ್ಟು ನೋಡ್ರಿ. ಠೇವಣಿ ಹಾಗೇ ನಿಂತು ಸಾಲ ಮಾತ್ರ ಬೆಳೆದಿದ್ರೆ ಆ ರೊಕ್ಕ ಎಲ್ಲಿಂದ ಬಂತು ಅಂತ ಕೇಳಬೇಕು.

ಎರಡನೇದು ಬಾಕಿಯ ಲೆಕ್ಕ. ‘ಹೊರಬಾಕಿ’ ಅಂದ್ರ ಒಟ್ಟು ಕೊಟ್ಟ ಸಾಲದಲ್ಲಿ ಇನ್ನೂ ಬರಬೇಕಾದ್ದು. ‘ಸುಸ್ತಿ’ ಅಂದ್ರ ಅವಧಿ ಮುಗಿದರೂ ಬರದೇ ಇದ್ದದ್ದು. ಉದಾಹರಣೆಗೆ 2 ಕೋಟಿ ಹೊರಬಾಕಿ ಇದ್ದು ಅದರಲ್ಲಿ 30 ಲಕ್ಷ ಸುಸ್ತಿ ಇದ್ರೆ ನೂರಕ್ಕೆ 15 ರೂಪಾಯಿ ಸಿಕ್ಕಿಹಾಕಿಕೊಂಡೈತಿ. ಇದು ವರ್ಷದಿಂದ ವರ್ಷಕ್ಕೆ ಏರ್ತಿದ್ರೆ ಭಾಷಣ ಎಷ್ಟೇ ಚಂದ ಇದ್ರೂ ಸಂಘದ ಆರೋಗ್ಯ ಸರಿ ಇಲ್ಲ.

ಮೂರನೇದು ಲಾಭ ವಿಭಾಗಣೆ. ನಿವ್ವಳ ಲಾಭದಲ್ಲಿ ಕನಿಷ್ಠ ಶೇ 25ರಷ್ಟು ಕಾಯ್ದಿಟ್ಟ ನಿಧಿಗೆ ಹೋಗಬೇಕು. 10 ಲಕ್ಷ ಲಾಭ ಅಂದ್ರ ಎರಡೂವರೆ ಲಕ್ಷ ಮೊದಲೇ ತೆಗೆದಿಡಬೇಕು, ಆಮೇಲೆ ಉಳಿದ ನಿಧಿಗಳು, ಡಿವಿಡೆಂಡು, ಬೋನಸ್ಸು. ಸಭೆಯಲ್ಲಿ ಡಿವಿಡೆಂಡ್ ಜಾಸ್ತಿ ಮಾಡ್ರಿ ಅಂತ ಕೂಗೋದು ಸುಲಭ, ಆದ್ರ ಕಾಯ್ದಿಟ್ಟ ನಿಧಿ ಅನ್ನೋದು ಬರಗಾಲದ ಕಾಳಿನ ಹಗೇವು ಇದ್ದಂಗ.

ನಾಲ್ಕನೇದು ಆಡಿಟ್ ನ್ಯೂನತೆಗಳು ಮತ್ತು ಅದಕ್ಕೆ ಮಂಡಳಿ ಕೊಟ್ಟ ಉತ್ತರ, ಅಂದ್ರ ಅನುಪಾಲನಾ ವರದಿ. ಹೋದ ವರ್ಷ ಆಡಿಟರ್ ಬರೆದ ತಪ್ಪನ್ನೇ ಈ ವರ್ಷವೂ ಬರೆದಿದ್ರೆ ಯಾರೂ ಅದನ್ನ ಸರಿಮಾಡಿಲ್ಲ ಅಂತ ಅರ್ಥ.

ಇದೆಲ್ಲಾ ಯಾಕ ನೋಡಬೇಕು ಅನ್ನೋದಕ್ಕೆ ಒಂದು ಗಟ್ಟಿ ಕಾರಣ ಹೇಳ್ತೀನಿ. ಬ್ಯಾಂಕ್ ಮುಳುಗಿದ್ರೆ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿತನಕ ವಿಮೆ ಐತಿ. ಅದು ಸಹಕಾರಿ ಬ್ಯಾಂಕುಗಳಿಗೂ ಐತಿ. ಆದ್ರ ಪಿಕೆಪಿಎಸ್, ಪತ್ತಿನ ಸೊಸೈಟಿಗಳು ಬ್ಯಾಂಕ್ ಅಲ್ಲ. ಅಲ್ಲಿ ಇಟ್ಟ ಠೇವಣಿಗೆ ಆ ವಿಮೆ ಇಲ್ಲ. ಬೋರ್ಡಿನ ಮೇಲೆ ದೊಡ್ಡ ಅಕ್ಷರದಾಗ ಹೆಚ್ಚಿನ ಬಡ್ಡಿ ದರ ಬರೆದಿರ್ತದ, ಈ ಮಾತು ಬರೆದಿರಲ್ಲ. ಅವ್ವ ಹೊಲಿಗೆ ಮಾಡಿ, ಹಾಲು ಮಾರಿ ಕೂಡಿಟ್ಟ ರೊಕ್ಕ ಅಲ್ಲಿದ್ರೆ ಅದಕ್ಕ ಕಾವಲು ಆಡಿಟ್ ವರದಿ ಮತ್ತು ಈ ಸಭೆ.

‘ಮಂಜೂರ್’ ಅಂದ್ರ ಏನಾಗ್ತದ?

ಸಭೆಯ ದಿನ ಹೋದವರಿಗೆ ಈ ದೃಶ್ಯ ಗೊತ್ತು. ಸೆಕ್ರೆಟರಿ ಮೈಕ್ ಹಿಡಿದು ‘ವಿಷಯ ನಂಬರ್ ಒಂದು’ ಅಂತ ಓದೋದು ಮುಗಿಯೋದ್ರೊಳಗ ಮುಂದಿನ ಸಾಲಿನಿಂದ ‘ಮಂಜೂರ್, ಮಂಜೂರ್’ ಅಂತ ಕೂಗು. ನಿಪ್ಪಾಣಿ, ಕಾಗವಾಡ ಕಡೆ ಕನ್ನಡ, ಮರಾಠಿ ಎರಡರಲ್ಲೂ ಸಭೆ ನಡೆದ್ರೂ ಈ ಪದಕ್ಕ ಭಾಷೆಯ ಭೇದ ಇಲ್ಲ. ಹತ್ತು ನಿಮಿಷದಾಗ ಹನ್ನೆರಡು ವಿಷಯ ಮುಗಿದು ಮಂದಿ ಊಟದ ಕಡೆ ಏಳ್ತಾರ.

ಕಾನೂನಿನ ಲೆಕ್ಕದಲ್ಲಿ ಆ ಕೂಗು ಒಂದು ಠರಾವು. ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಅಂತ ನಡಾವಳಿಯಲ್ಲಿ ಬರೀತಾರ. ಸುಮ್ಮನೆ ಕೂತ ನೀವೂ ಆ ಸರ್ವರಲ್ಲಿ ಸೇರಿದ್ರಿ. ನಾಳೆ ಸಾಲ ಮುಳುಗ್ತು, ಗೋದಾಮಿನ ಬಿಲ್ಲು ಸುಳ್ಳು ಅಂತ ತಕರಾರು ಎತ್ತಿದ್ರೆ ಮೊದಲ ಉತ್ತರ ಅದೇ ಬರ್ತದ: ಮಹಾಸಭೆಯೇ ಮಂಜೂರು ಮಾಡೈತಿ.

ಹಂಗಂತ ಮೈಕ್ ಕಸ್ಕೊಂಡು ಗಲಾಟೆ ಮಾಡ್ರಿ ಅಂತ ನಾನು ಹೇಳ್ತಿಲ್ಲ. ಗಲಾಟೆ ಆದ ಸಭೆಯಲ್ಲಿ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಾನು ನೋಡಿಲ್ಲ, ಅದರ ವಿಡಿಯೋ ವೈರಲ್ ಆಗಿದ್ದು ಮಾತ್ರ ನೋಡೀನಿ. ಕೆಲಸ ಮಾಡೋ ದಾರಿ ಬೇರೆ ಐತಿ. ಸಭೆಗೆ ನಾಲ್ಕೈದು ದಿನ ಮೊದಲೇ ಪ್ರಶ್ನೆಯನ್ನ ಕಾಗದದ ಮೇಲೆ ಬರೆದು, ಸಭಾಸದರ ಸಹಿ ಹಾಕಿಸಿ, ಸಂಘಕ್ಕೆ ಕೊಟ್ಟು, ಇನ್ನೊಂದು ಪ್ರತಿಗೆ ಸ್ವೀಕೃತಿ ಸಹಿ ತಗೊಳ್ರಿ. ಪ್ರಶ್ನೆ ಅಂಕಿಯ ಮೇಲೆ ಇರಲಿ, ಮನುಷ್ಯನ ಮೇಲೆ ಬೇಡ. ‘ನೀವು ರೊಕ್ಕ ತಿಂದೀರಿ’ ಅಂದ್ರ ಜಗಳ ಹತ್ತತದ. ‘ಚೇರಮನ್ರೇ, 14ನೇ ಪುಟದಾಗ ದುರಸ್ತಿ ಖರ್ಚು ಹೋದ ವರ್ಷಕ್ಕಿಂತ ಎರಡು ಪಟ್ಟು ಐತ್ರಿ, ಕೊಟೇಶನ್ ಎಷ್ಟು ಕರೆದಿದ್ರಿ?’ ಅಂದ್ರ ಉತ್ತರ ಕೊಡಲೇಬೇಕಾಗ್ತದ.

ಸಕ್ಕರೆ ಕಾರ್ಖಾನೆ ಸಭೆಯಲ್ಲಿ ಕೇಳೋಕೆ ಇನ್ನೂ ನೇರವಾದ ಪ್ರಶ್ನೆಗಳಿದಾವ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಬೇಕು ಅಂತ ಕೂತಾಗ ನಮ್ಮ ತಾಲೂಕುಗಳಿಗೂ ಆ ಬಿಸಿ ಹತ್ತಿತ್ತು. ಕೊನೆಗೆ ಸರ್ಕಾರ 3,300 ಅಂತ ಘೋಷಿಸ್ತು. ದರದ ಜಗಳ ರಸ್ತೆಗೆ ಬರೋ ಮೊದಲು ಅದರ ಲೆಕ್ಕ ಸಭೆಯಲ್ಲಿ ಕೇಳಬಹುದು, ಕಾರ್ಖಾನೆ ಸಹಕಾರಿ ಇದ್ದಲ್ಲಿ. ಕೇಂದ್ರ ಸರ್ಕಾರದ ಎಫ್‌ಆರ್‌ಪಿ 2025–26ಕ್ಕೆ ಕ್ವಿಂಟಲಿಗೆ 355 ರೂಪಾಯಿ, ಅದೂ ಶೇ 10.25 ಇಳುವರಿಗೆ. ನಮ್ಮ ಕಾರ್ಖಾನೆ ಇಳುವರಿ ಎಷ್ಟು ಬಂತು? ಕಟಾವು, ಸಾಗಣೆ ಅಂತ ಟನ್ನಿಗೆ ಎಷ್ಟು ಮುರಕೊಂಡ್ರಿ? 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದಾಗ ಬಿಲ್ಲು ಕೊಡಬೇಕು, ತಡ ಆದ್ರ ವರ್ಷಕ್ಕೆ ಶೇ 15ರ ಬಡ್ಡಿ. ಎಷ್ಟು ಬಿಲ್ಲು ತಡ ಆದ್ವು, ಬಡ್ಡಿ ಕೊಟ್ರೋ ಇಲ್ಲೋ? ಮೂರೇ ಪ್ರಶ್ನೆ. ಮೂರಕ್ಕೂ ಉತ್ತರ ಅಂಕಿಯಲ್ಲೇ ಕೊಡಬೇಕಾಗ್ತದ.

ಹಾಜರಿ ಸಹಿ ಮತ್ತು ಅಜ್ಜನ ಶೇರು

ಇದು ನಮ್ಮ ವಯಸ್ಸಿನವರಿಗೆ ಬಹಳ ಮುಖ್ಯ. ಕರ್ನಾಟಕದಾಗ ಸಭಾಸದ ಆಗಿದ್ರಷ್ಟೇ ಮತದ ಹಕ್ಕು ಗ್ಯಾರಂಟಿ ಅಂತ ಇರಲಿಲ್ಲ. ವಾರ್ಷಿಕ ಸಭೆಗಳಿಗೆ ಬಂದಿದ್ದ, ಸಂಘದ ಜೊತೆ ಕನಿಷ್ಠ ವ್ಯವಹಾರ ಮಾಡಿದ್ದ ಲೆಕ್ಕ ಹಿಡಿದು ಅರ್ಹ ಮತದಾರರು, ಅನರ್ಹ ಮತದಾರರು ಅಂತ ಎರಡು ಪಟ್ಟಿ ಆಗ್ತಿದ್ವು. ಈ ನಿಯಮದ ಮೇಲೆ ಕೋರ್ಟಿನಾಗ ಬಹಳ ಕೇಸು ನಡೆದಾವ. ಹಂಗಾಗಿ ಈಗ ನಿಮ್ಮ ಸಂಘದಲ್ಲಿ ಯಾವ ನಿಯಮ ಅನ್ವಯ ಆಗ್ತದ ಅಂತ ಸೆಕ್ರೆಟರಿಗೆ ಕೇಳ್ರಿ, ಮತದಾರರ ಕರಡು ಪಟ್ಟಿ ಹಚ್ಚಿದಾಗಲೇ ಹೆಸರು ನೋಡ್ರಿ. ಮತದಾನದ ಹಿಂದಿನ ದಿನ ಹೆಸರು ಇಲ್ಲ ಅಂತ ಗೊತ್ತಾದ್ರ ಕೋರ್ಟು ಬಿಟ್ಟು ಬೇರೆ ದಾರಿ ಇರಲ್ಲ. ಸಭೆಗೆ ಹೋದ್ರ ಹಾಜರಿ ಪುಸ್ತಕದಾಗ ಸಹಿ ಮಾಡದೇ ಬರಬೇಡ್ರಿ. ಯಾರೋ ಮನೆಗೆ ಪುಸ್ತಕ ತಂದು ‘ಕಾಕಾ, ಇಲ್ಲೊಂದು ಸಹಿ’ ಅಂದ್ರ, ಅದು ನೀವು ಹೋಗದ ಸಭೆಗೆ ನಿಮ್ಮನ್ನ ಸಾಕ್ಷಿ ಮಾಡೋ ಸಹಿ ಅನ್ನೋದು ನೆನಪಿರಲಿ.

ಇನ್ನು ಅಜ್ಜನ ಶೇರು. ಎಷ್ಟೋ ಮನೆಯಲ್ಲಿ ಅಜ್ಜ ತೀರಿಕೊಂಡು ವರ್ಷಗಳಾದ್ರೂ ಕಾರ್ಖಾನೆಯ, ಸೊಸೈಟಿಯ ಶೇರು ಅವರ ಹೆಸರಲ್ಲೇ ಐತಿ. ಸತ್ತವರು ಮತ ಹಾಕೋಕಾಗಲ್ಲ, ಅವರ ಹೆಸರಲ್ಲಿ ನೀವೂ ಹಾಕೋಕಾಗಲ್ಲ. ಟ್ರಂಕಿನಾಗ ಶೇರು ಸರ್ಟಿಫಿಕೇಟ್ ಹುಡುಕ್ರಿ. ನಾಮಿನಿ ಯಾರು ಅಂತ ಸಂಘದ ಪುಸ್ತಕದಾಗ ನೋಡ್ರಿ. ಮರಣ ದಾಖಲೆ, ವಾರಸಾ ದಾಖಲೆ ಹಚ್ಚಿ ವರ್ಗಾವಣೆಗೆ ಅರ್ಜಿ ಕೊಡ್ರಿ. ಆ ಅರ್ಜಿ ಮೊದಲು ಹೇಳಿದ ಆ ತಿಂಗಳ ಮಂಡಳಿ ಸಭೆಯ ಅಜೆಂಡಾಕ್ಕೇ ಬರ್ತದ. ಮನೆಯಲ್ಲಿ ಮಾತಾಡುವಾಗ ಒಂದು ವಿಚಾರ ಇಡ್ರಿ: ಶೇರು ಅಣ್ಣನ ಹೆಸರಿಗೇ ಯಾಕ, ಅವ್ವನ ಹೆಸರಿಗೆ, ಅಕ್ಕನ ಹೆಸರಿಗೆ ಯಾಕ ಆಗಬಾರದು? ಪಿಕೆಪಿಎಸ್ ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲು ಜಾಗ ಐತಿ. ಶೇರೇ ಹೆಣ್ಣುಮಕ್ಕಳ ಹೆಸರಲ್ಲಿ ಇಲ್ಲದಿದ್ರ ಆ ಜಾಗಕ್ಕೆ ನಿಲ್ಲೋರು ಎಲ್ಲಿಂದ ಬರ್ತಾರ?

ಸಭೆ ಮುಗಿದ ಮೇಲೆ

ಊಟ ಆಯ್ತು, ಪೆಂಡಾಲು ಬಿಚ್ಚಿದ್ರು. ಅಸಲಿ ಕೆಲಸ ಈಗ. ನಡಾವಳಿಯಲ್ಲಿ ನೀವು ಕೇಳಿದ ಪ್ರಶ್ನೆ ಮತ್ತು ಕೊಟ್ಟ ಉತ್ತರ ಬರೆದಾರೋ ಇಲ್ಲೋ ನೋಡಬೇಕು. ನಕಲು ಬೇಕಂದ್ರ ಲಿಖಿತ ಅರ್ಜಿ ಕೊಟ್ಟು ಕೇಳ್ರಿ. ಉತ್ತರ ಸಿಗಲಿಲ್ಲ ಅಂದ್ರ ಮೇಲಿನ ಮೆಟ್ಟಿಲು ಸಹಕಾರ ಇಲಾಖೆ. ತಾಲೂಕಿಗೆ ಸಹಕಾರ ಅಭಿವೃದ್ಧಿ ಅಧಿಕಾರಿ, ಉಪವಿಭಾಗಕ್ಕೆ ಸಹಾಯಕ ನಿಬಂಧಕರು ಇರ್ತಾರ. ವ್ಯವಹಾರದ ಬಗ್ಗೆ ವಿಚಾರಣೆ ಮಾಡಿಸೋದು ಕಲಂ 64, ಸಭಾಸದ ಮತ್ತು ಸಂಘದ ನಡುವಿನ ತಕರಾರು ಕಲಂ 70. ಮುಂದಿನ ವರ್ಷದ ಸಭೆತನಕ ಕಾಯೋಕಾಗದ ವಿಷಯ ಇದ್ರೆ, ಬೈಲಾದಲ್ಲಿ ಹೇಳಿದಷ್ಟು ಸಭಾಸದರು ಸಹಿ ಮಾಡಿ ವಿಶೇಷ ಮಹಾಸಭೆ ಕರೀರಿ ಅಂತ ಕೇಳಬಹುದು.

ಒಂದು ಎಚ್ಚರಿಕೆ, ಅದು ಗಡಿ ಭಾಗಕ್ಕೇ ಸಂಬಂಧಪಟ್ಟದ್ದು. ಕೊಲ್ಲಾಪುರ, ಸಾಂಗ್ಲಿ ಕಡೆಯೂ ಸಭಾಸದರು ಇರೋ ಸಂಘಗಳು ‘ಮಲ್ಟಿ ಸ್ಟೇಟ್’ ಅಂತ ನೋಂದಣಿ ಆಗಿರ್ತಾವ. ಅವಕ್ಕ ಕೇಂದ್ರದ 2002ರ ಕಾಯ್ದೆ ಅನ್ವಯ. ಇನ್ನು ಹೆಸರಲ್ಲಿ ‘ಸೌಹಾರ್ದ’ ಅಂತ ಇದ್ರ ಅದು ರಾಜ್ಯದ ಬೇರೆಯೇ ಕಾಯ್ದೆ, 1997ರದ್ದು. ಹಂಗಾಗಿ ನಾನು ಹೇಳಿದ ಕಲಂ ನಂಬರ್‌ಗಳು ಅವಕ್ಕ ಕೂಡಲ್ಲ, ದೂರು ಕೊಡೋ ಕಚೇರಿಯೂ ಬೇರೆ. ಬೋರ್ಡಿನ ಮೇಲೆ ಇರೋ ನೋಂದಣಿ ನಂಬರು ಮೊದಲು ಓದ್ರಿ.

ಬೆಂಗಳೂರಿನ ಫ್ಲಾಟಿನಾಗ ಇರೋರಿಗೆ

ನಮಗ ಹೊಲ ಇಲ್ಲ, ಕಬ್ಬಿಲ್ಲ, ನಾವು ಬೆಂಗಳೂರಿನಾಗ ಫ್ಲಾಟಿನಾಗ ಇರ್ತೀವಿ ಅಂತ ಕೆಲವರು ಅನ್ನಬಹುದು. ಅಲ್ಲೂ ಕಥೆ ಇದೇ. ಅಪಾರ್ಟ್‌ಮೆಂಟಿಗೊಂದು ಮಾಲೀಕರ ಸಂಘ, ಅದಕ್ಕೊಂದು ಬೈಲಾ, ಒಂದು ಕಮಿಟಿ, ತಿಂಗಳ ಮೇಂಟೆನೆನ್ಸ್, ವರ್ಷಕ್ಕೊಂದು ಸಭೆ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರಿಂದಲೇ ಐತಿ. ಅಲ್ಲಿ ಟ್ಯಾಂಕರ್ ನೀರು, ಲಿಫ್ಟು, ಸೆಕ್ಯುರಿಟಿ ಗುತ್ತಿಗೆ, ಇಲ್ಲಿ ಗೊಬ್ಬರ, ಬೆಳೆ ಸಾಲ, ಗೋದಾಮು. ನೋಟಿಸ್, ಕೋರಂ, ಠರಾವು, ನಡಾವಳಿ, ಆಡಿಟ್, ಈ ಐದು ಪದ ಗೊತ್ತಿದ್ದವನನ್ನ ಎಲ್ಲಿಯ ಸಭೆಯಲ್ಲೂ ಯಾರೂ ಸುಮ್ಮನೆ ಕೂರಿಸೋಕಾಗಲ್ಲ.

ಮುಗಿಸೋ ಮೊದಲು ಈ ವಾರಕ್ಕ ಮೂರು ಸಣ್ಣ ಕೆಲಸ. ಮನೆಯಲ್ಲಿ ಯಾರ ಹೆಸರಲ್ಲಿ ಯಾವ್ಯಾವ ಸಂಘದ ಶೇರು, ಠೇವಣಿ ಇದಾವ ಅಂತ ಒಂದು ಚೀಟಿಯಲ್ಲಿ ಬರಕೊಳ್ರಿ. ಆ ಸಂಘಗಳ ಹೋದ ವರ್ಷದ ವರದಿ ಪುಸ್ತಕ ಕೇಳಿ ತಗೊಂಡು ನಾಲ್ಕು ಪುಟದ ಫೋಟೋ ಮೊಬೈಲ್‌ನಾಗ ಇಟ್ಕೊಳ್ರಿ. ಬೈಲಾ ಪ್ರತಿ ಸಿಕ್ರ ಅದರ ಫೋಟೋನೂ ಇರಲಿ. ಈ ವರ್ಷದ ಪುಸ್ತಕ ಬಂದಾಗ ಪಕ್ಕಪಕ್ಕ ಇಟ್ಟು ನೋಡಿದ್ರ, ಕೇಳಬೇಕಾದ ಪ್ರಶ್ನೆ ತಾನಾಗೇ ಕಣ್ಣಿಗೆ ಬೀಳ್ತದ.

ನಿಮ್ಮ ಸಂಘದ ಸಭೆಯಲ್ಲಿ ನೀವು ಕೇಳಬೇಕಂತಿರೋ ಪ್ರಶ್ನೆ ಯಾವುದು ಅಂತ ನಮಗ ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ವಾರ ಮತ್ತ ಸಿಗೋಣ.